ಮಗುವನ್ನು ಮುಟ್ಟುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರಬೇಕು

ಮಕ್ಕಳ ವಾರ್ಡಿಗೆ ಹೊಸದಾಗಿ ಬಂದವರು ಹೆಚ್ಚಾಗಿ ಒಂದೇ ತಪ್ಪು ಮಾಡುತ್ತಾರೆ. ನೇರವಾಗಿ ಮಗುವಿನ ಹತ್ತಿರ ಹೋಗಿ ಎದೆಗೆ ಸ್ಟೆತಸ್ಕೋಪ್ ಇಟ್ಟುಬಿಡುತ್ತಾರೆ. ಮಗು ಬೆಚ್ಚಿ ಕಿರುಚುತ್ತದೆ. ಅಲ್ಲಿಗೆ ಮುಗಿಯಿತು. ಇನ್ನು ಉಸಿರು ಎಣಿಸಲು ಆಗುವುದಿಲ್ಲ, ನಾಡಿ ಎಣಿಸಿದರೂ ಸಿಗುವುದು ಅಳುವಿನ ಲೆಕ್ಕ, ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿದಿರುತ್ತದೆ, ಬಿಪಿ ನೋಡಲು ಹೋದರೆ ಇಬ್ಬರು ಕೈಕಾಲು ಹಿಡಿದುಕೊಳ್ಳಬೇಕು. ದೊಡ್ಡವರನ್ನು ತಲೆಯಿಂದ ಪಾದದವರೆಗೆ ಸಾಲಾಗಿ ನೋಡಿಕೊಂಡು ಹೋಗಬಹುದು. ಮಕ್ಕಳಲ್ಲಿ ಆ ಸಾಲು ನಡೆಯುವುದಿಲ್ಲ. ಸುಮ್ಮನಿದ್ದಾಗ ಸಿಗುವುದನ್ನು ಮೊದಲು ತೆಗೆದುಕೊಳ್ಳಬೇಕು, ಅಳಿಸುವಂಥದ್ದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಇದನ್ನು ಬರೆಯುತ್ತಿರುವುದು ನರ್ಸಿಂಗ್ ಓದುತ್ತಿರುವವರಿಗೆ, ಈಗಷ್ಟೇ ಡ್ಯೂಟಿಗೆ ಸೇರಿದವರಿಗೆ. ಅಪ್ಪ ಅಮ್ಮಂದಿರೂ ಓದಬಹುದು. ಇದರಲ್ಲಿ ಎಷ್ಟೋ ಕೆಲಸಕ್ಕೆ ಯಂತ್ರ ಬೇಕಾಗಿಲ್ಲ, ಕಣ್ಣು ಮತ್ತು ಒಂದು ಗಡಿಯಾರ ಸಾಕು.

ಬಾಗಿಲಲ್ಲೇ ಅರ್ಧ ನಿಮಿಷ ನಿಲ್ಲಿ

ಒಳಗೆ ಹೋಗುವ ಮೊದಲು ದೂರದಿಂದ ಮೂರು ವಿಷಯ ನೋಡಿಕೊಳ್ಳಿ. ಮಗು ಹೇಗಿದೆ, ಉಸಿರಾಡಲು ಕಷ್ಟಪಡುತ್ತಿದೆಯಾ, ಮೈಬಣ್ಣ ಹೇಗಿದೆ. ತುರ್ತು ವಿಭಾಗಗಳಲ್ಲೂ ಮಕ್ಕಳನ್ನು ಮೊದಲು ಅಳೆಯುವುದು ಈ ಮೂರರಿಂದಲೇ.

ಹೇಗಿದೆ ಅಂದರೆ, ಸುತ್ತ ನೋಡುತ್ತಿದೆಯಾ, ಅಮ್ಮನ ಮುಖ ಹುಡುಕುತ್ತಿದೆಯಾ, ಕೈಗೆ ಸಿಕ್ಕಿದ್ದನ್ನು ಎಳೆಯುತ್ತಿದೆಯಾ, ಅತ್ತರೆ ಗಟ್ಟಿಯಾಗಿ ಅಳುತ್ತಿದೆಯಾ. ಗಟ್ಟಿಯಾಗಿ ಅತ್ತು, ಎತ್ತಿಕೊಂಡ ಕೂಡಲೇ ಸಮಾಧಾನವಾಗುವ ಮಗುವಿನ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಭಯ ಇರುವುದು ಅಮ್ಮನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡು, ನಾವು ಹತ್ತಿರ ಹೋದರೂ ಕಣ್ಣು ಹೊರಳಿಸದ ಮಗುವಿನ ಬಗ್ಗೆ. "ಪಾಪ, ಎಷ್ಟು ಸಾಧು ಮಗು, ಇಂಜೆಕ್ಷನ್ ಕೊಟ್ಟರೂ ಅಳಲಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಕೈಲಿದ್ದ ಕೆಲಸ ಬಿಟ್ಟು ಆ ಮಗುವಿನ ಹತ್ತಿರ ಹೋಗುತ್ತೇನೆ.

ಬಣ್ಣ ನೋಡುವಾಗ ತುಟಿ, ನಾಲಿಗೆ ನೋಡಿ. ಹುಟ್ಟಿದ ಒಂದೆರಡು ದಿನ ಅಂಗೈ, ಅಂಗಾಲು ಸ್ವಲ್ಪ ನೀಲಿಯಾಗಿರುವುದು ಸಹಜ. ನಾಲಿಗೆ ನೀಲಿಯಾಗಿದ್ದರೆ ಅದು ಸಹಜ ಅಲ್ಲವೇ ಅಲ್ಲ. ಮೈಬಣ್ಣ ಕಪ್ಪಾಗಿರುವ ಮಕ್ಕಳಲ್ಲಿ ಚರ್ಮ ನೋಡಿ ಬಿಳಿಚಿಕೊಂಡಿದೆಯಾ ಅಂತ ಹೇಳುವುದು ಕಷ್ಟ. ಕಣ್ಣಿನ ಕೆಳರೆಪ್ಪೆ, ಒಸಡು, ಅಂಗೈ ನೋಡಿ.

ಅಮ್ಮನ ಜೊತೆ ಮಾತಾಡುತ್ತಲೇ ನಾಲ್ಕು ಪ್ರಶ್ನೆ ಕೇಳಿ. ಹಾಲು, ನೀರು ಕುಡಿಯುತ್ತಿದೆಯಾ? ಕುಡಿದಿದ್ದೆಲ್ಲ ವಾಂತಿ ಆಗುತ್ತಿದೆಯಾ? ಫಿಟ್ಸ್ ಬಂದಿತ್ತಾ? ತೀರಾ ಮಂಕಾಗಿದೆಯಾ, ಎಬ್ಬಿಸಿದರೂ ಏಳುತ್ತಿಲ್ಲವಾ? ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗೆ ಹೇಳಿರುವ ಅಪಾಯದ ಚಿಹ್ನೆಗಳು ಇವೇ. ಕುಡಿಯುತ್ತಿಲ್ಲ, ಎಲ್ಲ ವಾಂತಿ, ಫಿಟ್ಸ್, ಎಚ್ಚರ ಇಲ್ಲ, ಇದರಲ್ಲಿ ಒಂದಿದ್ದರೂ ಮಿಕ್ಕ ಪರೀಕ್ಷೆ ಆಮೇಲೆ, ಮೊದಲು ಡಾಕ್ಟರನ್ನು ಕರೆಯಿರಿ.

ಉಸಿರು: ಪೂರ್ತಿ ಒಂದು ನಿಮಿಷ

ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಚಾರ್ಟಿನಲ್ಲಿ ಅತಿ ಹೆಚ್ಚು ಅಂದಾಜಿನಲ್ಲಿ ತುಂಬುವ ಸಂಖ್ಯೆ ಇದೇ.

ಮಗು ಅಮ್ಮನ ಮಡಿಲಲ್ಲೇ ಇರಲಿ. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. "ಎಬ್ಬಿಸಬೇಡಿ ಅಮ್ಮಾ, ಅಂಗಿ ಮಾತ್ರ ಮೆಲ್ಲಗೆ ಮೇಲಕ್ಕೆ ಸರಿಸಿ" ಅಂತ ಹೇಳಿ. ಎದೆ, ಹೊಟ್ಟೆ ಎರಡೂ ಕಾಣಬೇಕು. ಶಿಶುಗಳ ಉಸಿರಾಟ ಹೊಟ್ಟೆಯಲ್ಲೇ ಚೆನ್ನಾಗಿ ಕಾಣುವುದು, ಆದ್ದರಿಂದ ಕಣ್ಣು ಹೊಟ್ಟೆಯ ಮೇಲಿರಲಿ. ಗಡಿಯಾರವನ್ನು ಹೊಟ್ಟೆಯ ಪಕ್ಕಕ್ಕೇ ಹಿಡಿದುಕೊಳ್ಳಿ, ತಲೆ ಆ ಕಡೆ ಈ ಕಡೆ ತಿರುಗಿಸಿದರೆ ಎಣಿಕೆ ತಪ್ಪುತ್ತದೆ. ಹೊಟ್ಟೆ ಒಮ್ಮೆ ಮೇಲೆದ್ದು ಇಳಿದರೆ ಒಂದು. ಹಾಗೆ 60 ಸೆಕೆಂಡ್.

15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಸರಸರನೆ ಒಂದಷ್ಟು ಉಸಿರು, ಆಮೇಲೆ ಕೆಲವು ಸೆಕೆಂಡ್ ಏನೂ ಇಲ್ಲ, ಮತ್ತೆ ಸರಸರನೆ. ನೀವು ಎಣಿಸಿದ ಆ 15 ಸೆಕೆಂಡಿನಲ್ಲಿ ಬಿಡುವು ಬಿದ್ದರೆ 9 ಉಸಿರು ಸಿಗಬಹುದು, ಗುಣಿಸಿದರೆ 36. ಸರಸರ ಭಾಗ ಬಿದ್ದರೆ 16 ಸಿಗಬಹುದು, ಗುಣಿಸಿದರೆ 64. ಒಂದೇ ಮಗು, ಒಂದೇ ನಿಮಿಷ, ಒಂದು ಲೆಕ್ಕದಲ್ಲಿ ಆರೋಗ್ಯ, ಇನ್ನೊಂದರಲ್ಲಿ ನ್ಯುಮೋನಿಯಾ! ಹತ್ತು ಸೆಕೆಂಡಿನೊಳಗಿನ ಇಂಥ ಬಿಡುವು ನವಜಾತ ಶಿಶುಗಳಲ್ಲಿ ಮಾಮೂಲು. 20 ಸೆಕೆಂಡ್ ದಾಟಿದರೆ, ಇಲ್ಲವೇ ಅದಕ್ಕೂ ಮೊದಲೇ ಮಗು ನೀಲಿಯಾದರೆ, ಮಂಕಾದರೆ, ಎದೆಬಡಿತ ಇಳಿದರೆ, ಅದು ತುರ್ತು.

ಯಾವ ಸಂಖ್ಯೆಗೆ ಗಾಬರಿಯಾಗಬೇಕು? ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ. ಎರಡು ತಿಂಗಳೊಳಗಿನ ಮಗುವಿನಲ್ಲಿ 60 ದಾಟಿದರೆ ಇನ್ನೊಮ್ಮೆ ಪೂರ್ತಿ ನಿಮಿಷ ಎಣಿಸಿ, ಎರಡನೇ ಸಲವೂ ದಾಟಿದರೆ ಮಾತ್ರ ಅದನ್ನು ಜೋರು ಉಸಿರು ಅನ್ನುತ್ತಾರೆ. ಈ ಮೂರು ಸಂಖ್ಯೆ, 60, 50, 40, ಬಾಯಿಪಾಠ ಆಗಿರಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ, ಐದು ತಿಂಗಳ ಮಗುವಿಗೆ ನಾನು 44 ಅಂತ ಬರೆದೆ. ಕಾಲು ನಿಮಿಷದಲ್ಲಿ 11 ಎಣಿಸಿದ್ದೆ. ಮಗುವನ್ನು ಎರಡು ಬಟ್ಟೆಯಲ್ಲಿ ಸುತ್ತಿದ್ದರು, ನಾನು ಬಿಚ್ಚಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಿರಿಯ ಸಿಸ್ಟರ್ ಬಂದರು. ಏನೂ ಮಾತಾಡದೆ ಬಟ್ಟೆ ಬಿಡಿಸಿದರು, ಮಂಡಿಯೂರಿ ಮಂಚದ ಎತ್ತರಕ್ಕೆ ಬಗ್ಗಿ ಕೂತರು, ಪೂರ್ತಿ ನಿಮಿಷ ಎಣಿಸಿದರು. 58. ಆಮೇಲೆ ನನ್ನ ಕೈ ಹಿಡಿದು ಮಗುವಿನ ಪಕ್ಕೆಲುಬಿನ ಕೆಳಗೆ ತೋರಿಸಿದರು. ಪ್ರತಿ ಸಲ ಉಸಿರು ಒಳಗೆ ಎಳೆದಾಗಲೂ ಅಲ್ಲಿ ಬೆರಳಿಡುವಷ್ಟು ಗುಳಿ ಬೀಳುತ್ತಿತ್ತು. ಆ ಮಗು ಹುಷಾರಾಗಿ ಮನೆಗೆ ಹೋಯಿತು, ಆದರೆ ಆ ಗುಳಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಬಟ್ಟೆ ಬಿಡಿಸದೆ ಉಸಿರು ಎಣಿಸುವುದನ್ನು ಅವತ್ತೇ ಬಿಟ್ಟೆ.

ಈ ಗುಳಿಯ ಬಗ್ಗೆ ಸರಿಯಾಗಿ ತಿಳಿದುಕೊಳ್ಳಿ. ಉಸಿರು ಎಳೆದುಕೊಂಡಾಗ ಎದೆ ಉಬ್ಬಬೇಕು. ಅದರ ಬದಲು ಎದೆಗೂಡಿನ ಕೆಳಭಾಗ ಒಳಕ್ಕೆ ಹೋದರೆ ಅದು ಪಕ್ಕೆ ಸೆಳೆತ. ಮಗು ಸುಮ್ಮನಿದ್ದಾಗಲೂ, ಪ್ರತಿ ಉಸಿರಿಗೂ ಕಾಣಬೇಕು. ಬರೀ ಅಳುವಾಗ ಅಥವಾ ಹಾಲು ಕುಡಿಯುವಾಗ ಕಂಡರೆ ಲೆಕ್ಕಕ್ಕಿಲ್ಲ. ಎರಡು ತಿಂಗಳೊಳಗಿನ ಮಕ್ಕಳ ಎದೆಗೂಡು ಮೆತ್ತಗಿರುವುದರಿಂದ ಸಣ್ಣ ಸೆಳೆತ ಹಾಗೇ ಕಾಣಬಹುದು, ಅಲ್ಲಿ ಆಳವಾದ ಗುಳಿ ಮಾತ್ರ ಅಪಾಯ. ಮೂಗು ಕಟ್ಟಿದ್ದರೂ ಶಿಶುಗಳು ಒದ್ದಾಡುತ್ತವೆ, ಏಕೆಂದರೆ ಅವು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದು. ಮೂಗು ಚೊಕ್ಕ ಮಾಡಿ ಮತ್ತೆ ನೋಡಿ.

ಸದ್ದನ್ನೂ ಕೇಳಿಸಿಕೊಳ್ಳಿ. ಉಸಿರು ಒಳಗೆ ಎಳೆಯುವಾಗ ಕರಕರ ಅಂದರೆ ತೊಂದರೆ ಗಂಟಲಿನ ಹತ್ತಿರ. ಹೊರಗೆ ಬಿಡುವಾಗ ಸುಯ್ ಅಂದರೆ ಎದೆಯೊಳಗಿನ ಸಣ್ಣ ಕೊಳವೆಗಳಲ್ಲಿ. ಪ್ರತಿ ಉಸಿರಿನ ಕೊನೆಗೂ "ಹ್ಞ, ಹ್ಞ" ಅಂತ ನರಳಿದರೆ ಅದು ಹಟ ಅಲ್ಲ, ಶ್ವಾಸಕೋಶ ಮುದುಡಿಕೊಳ್ಳದಂತೆ ಮಗು ಗಂಟಲು ಬಿಗಿಹಿಡಿದು ಒಳಗೆ ಗಾಳಿ ಉಳಿಸಿಕೊಳ್ಳುತ್ತಿದೆ. ಮೂಗಿನ ಹೊಳ್ಳೆ ಅರಳುವುದು, ಉಸಿರಿಗೊಮ್ಮೆ ತಲೆ ಆಡಿಸುವುದು, ಇವೂ ಅದೇ ಕಷ್ಟದ ಗುರುತು.

ಇನ್ನೊಂದು ಮಾತು. ಒಂದು ಗಂಟೆಯ ಹಿಂದೆ 70 ಇದ್ದ ಉಸಿರು ಈಗ 30ಕ್ಕೆ ಇಳಿದಿದೆ, ಮಗು ಮಾತ್ರ ಇನ್ನಷ್ಟು ಮಂಕಾಗಿದೆ ಅಂದರೆ ಸುಧಾರಿಸಿತು ಅಂತ ಬರೆಯಬೇಡಿ. ಅದು ಸುಸ್ತಾಗಿದೆ. ಉಸಿರು ನಿಲ್ಲುವ ಮೊದಲಿನ ಸ್ಥಿತಿ ಅದು.

ನಾಡಿ ಮತ್ತು ಎದೆಬಡಿತ

ಉಸಿರು ಎಣಿಸಿ ಆದ ಮೇಲೆ, ಮಗು ಇನ್ನೂ ಸುಮ್ಮನಿದ್ದರೆ, ಸ್ಟೆತಸ್ಕೋಪ್ ತೆಗೆಯಿರಿ. ಅದರ ತಟ್ಟೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ. ಇದೇನು ದೊಡ್ಡ ವಿಷಯ ಅನ್ನಿಸಬಹುದು, ಆದರೆ ತಣ್ಣನೆಯ ಲೋಹ ಎದೆಗೆ ತಾಗಿದರೆ ಮಲಗಿದ ಮಗುವೂ ಎದ್ದು ಕೂಗುತ್ತದೆ.

ಎರಡು ವರ್ಷದೊಳಗಿನ ಮಕ್ಕಳಲ್ಲಿ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸುವುದೇ ಸರಿ, ಅದೂ ಪೂರ್ತಿ ನಿಮಿಷ. ಎಡ ಮೊಲೆತೊಟ್ಟಿನ ಹತ್ತಿರ, ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ ಬಡಿತ ಚೆನ್ನಾಗಿ ಕೇಳುತ್ತದೆ. ಸುಮಾರು ಏಳು ವರ್ಷದ ಮೇಲೆ ಅದು ಐದನೇ ಸಂದಿಗೆ ಇಳಿಯುತ್ತದೆ. ಶಿಶುವಿನ ನಾಡಿ ಬೆರಳಿಗೇ ಬೇಕೆಂದರೆ ಮಣಿಕಟ್ಟಿನಲ್ಲಿ ಹುಡುಕಬೇಡಿ, ತೋಳಿನ ಒಳಮಗ್ಗುಲಲ್ಲಿ, ಮೊಣಕೈಗೂ ಭುಜಕ್ಕೂ ನಡುವೆ, ಎರಡು ಬೆರಳಿಟ್ಟು ನೋಡಿ. ಕುತ್ತಿಗೆಯಲ್ಲಿ ಬೇಡ, ಶಿಶುಗಳ ಕುತ್ತಿಗೆ ಗಿಡ್ಡ, ಕೈಗೆ ಸಿಗುವುದೂ ಇಲ್ಲ.

ಎಚ್ಚರವಾಗಿದ್ದಾಗ ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 100ರಿಂದ 180, ಮೂರರಿಂದ ಐದು ವರ್ಷದವರಿಗೆ 80ರಿಂದ 120, ಶಾಲೆಗೆ ಹೋಗುವ ಮಕ್ಕಳಿಗೆ 75ರಿಂದ 118, ಹದಿಹರೆಯದವರಿಗೆ ದೊಡ್ಡವರ ಹಾಗೆ 60ರಿಂದ 100. ನಿದ್ದೆಯಲ್ಲಿ ಇದಕ್ಕಿಂತ ಕಡಿಮೆ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ. ಹಾಗಾಗಿ 39 ಡಿಗ್ರಿ ಜ್ವರದಲ್ಲಿ ಬಡಿತ 150 ಇರುವ ಮಗುವನ್ನು ಜ್ವರ ಇಳಿದ ಮೇಲೆ ಇನ್ನೊಮ್ಮೆ ನೋಡಿ. ಜ್ವರ ಇಳಿದು, ಅಳು ನಿಂತು, ನಿದ್ದೆ ಬಂದರೂ ಬಡಿತ ಹಾಗೇ ಓಡುತ್ತಿದ್ದರೆ ಕಾರಣ ಬೇರೆ ಇದೆ.

ಉಸಿರು ಎಳೆದಾಗ ಬಡಿತ ಸ್ವಲ್ಪ ಜೋರಾಗಿ, ಬಿಟ್ಟಾಗ ನಿಧಾನವಾಗುವುದು ಮಕ್ಕಳಲ್ಲಿ ಸಹಜ. ದೊಡ್ಡ ಮಗುವಾದರೆ ಒಂದು ಕ್ಷಣ ಉಸಿರು ಹಿಡಿಯಲು ಹೇಳಿ, ಬಡಿತ ಒಂದೇ ಸಮ ಆಗುತ್ತದೆ. ಆದರೆ ಮಗುವಿನ ಬಡಿತ 60ರ ಕೆಳಗೆ ಇಳಿದು, ಮೈ ಬಿಳಿಚಿಕೊಂಡು, ಎಚ್ಚರ ತಪ್ಪುತ್ತಿದ್ದರೆ ಎಣಿಸುತ್ತಾ ಕೂರಬಾರದು. ಸಹಾಯಕ್ಕೆ ಕೂಗಿ ಉಸಿರು ಕೊಡಬೇಕು, ಅದಕ್ಕೂ ಏರದಿದ್ದರೆ ಎದೆ ಒತ್ತಲು ಶುರುಮಾಡಬೇಕು.

ತೊಡೆಸಂದಿನ ನಾಡಿಯನ್ನು ಮರೆಯಬೇಡಿ. ನವಜಾತ ಶಿಶುವಿನಲ್ಲಿ ಕೈಯ ನಾಡಿ ಚೆನ್ನಾಗಿದ್ದು ತೊಡೆಸಂದಿನದು ಸಿಗದಿದ್ದರೆ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿರಬಹುದು. ಹುಟ್ಟಿದ ಮೊದಲ ದಿನಗಳಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಎದೆಮೂಳೆಯ ಮೇಲೆ ಒಂದು ಬೆರಳು

ನನ್ನ ಪ್ರಕಾರ ಬಿಪಿ ಮಿಷನ್‌ಗಿಂತ ಮೊದಲು ಉತ್ತರ ಕೊಡುವ ಪರೀಕ್ಷೆ ಇದು. ಎದೆಮೂಳೆಯ ಮೇಲೆ ಬೆರಳಿಟ್ಟು 5 ಸೆಕೆಂಡ್ ಒತ್ತಿ, ಬಿಡಿ. ಬಿಳಿಯಾದ ಜಾಗಕ್ಕೆ ಬಣ್ಣ ಮರಳಲು ಎಷ್ಟು ಹೊತ್ತು ಅಂತ ನೋಡಿ. ಎರಡು ಸೆಕೆಂಡಿನೊಳಗೆ ಬಂದರೆ ಸರಿ. ಮೂರು ಸೆಕೆಂಡ್ ಅಥವಾ ಜಾಸ್ತಿ ಆದರೆ ರಕ್ತ ಸರಿಯಾಗಿ ಹರಿಯುತ್ತಿಲ್ಲ. ಬೆರಳ ತುದಿಯಲ್ಲೂ ಮಾಡಬಹುದು, ಆದರೆ ಕೋಣೆ ತಣ್ಣಗಿದ್ದರೆ ಅಲ್ಲಿ ಸುಳ್ಳು ಉತ್ತರ ಬರುತ್ತದೆ. ಹಾಗೇ ಕೈಯ ಹಿಂಭಾಗವನ್ನು ಮಗುವಿನ ಪಾದದಿಂದ ಮೊಣಕಾಲಿನವರೆಗೆ ಸವರಿಕೊಂಡು ಹೋಗಿ. ತಣ್ಣಗಿರುವ ಭಾಗ ಎಲ್ಲಿ ಮುಗಿದು ಎಲ್ಲಿ ಬೆಚ್ಚಗಾಗುತ್ತದೆ ಅಂತ ಗೊತ್ತಾಗುತ್ತದೆ. ಆ ಗೆರೆ ಮೇಲೆ ಮೇಲೆ ಸರಿಯುತ್ತಿದ್ದರೆ ಒಳ್ಳೆಯದಲ್ಲ.

ಜ್ವರ ನೋಡುವುದು

ಹಣೆ ಮುಟ್ಟಿ ಜ್ವರ ಹೇಳಬೇಡಿ. ಪಾದರಸದ ಥರ್ಮಾಮೀಟರ್ ಮಕ್ಕಳ ಹತ್ತಿರ ಬೇಡ, ಡಿಜಿಟಲ್ ಸಾಕು. ಕಂಕುಳನ್ನು ಬಟ್ಟೆಯಿಂದ ಒರೆಸಿ, ತುದಿಯನ್ನು ಕಂಕುಳಿನ ನಡುಮಧ್ಯಕ್ಕೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಿರಿ. ಅಂಗಿಯ ಮಡಿಕೆ ನಡುವೆ ಸಿಕ್ಕಿಕೊಂಡಿದ್ದರೆ ಸಂಖ್ಯೆ ತಪ್ಪು. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸಹಜ. ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್. ಗುದದ್ವಾರದಲ್ಲಿ ನೋಡಿದರೆ 38 ಅಥವಾ ಜಾಸ್ತಿ ಇದ್ದರೆ ಜ್ವರ. ಕಂಕುಳಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಆದ್ದರಿಂದ ಯಾವ ಜಾಗದಲ್ಲಿ ನೋಡಿದ್ದು ಅಂತ ಬರೆಯಲೇಬೇಕು. ಕಿವಿಯ ಥರ್ಮಾಮೀಟರ್ ಎಳೆಯ ಶಿಶುಗಳಿಗೆ ನಂಬಿಕೆಯದ್ದಲ್ಲ, ಕಿವಿಯ ದಾರಿ ತೀರಾ ಸಣ್ಣದು.

ಅಪ್ಪ ಅಮ್ಮಂದಿರು ಇದನ್ನು ನೆನಪಿಡಬೇಕು: ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಗು ನೋಡಲು ಚೆನ್ನಾಗೇ ಇದ್ದರೂ ಸರಿ. ಆ ವಯಸ್ಸಿನಲ್ಲಿ ಸೋಂಕು ಮುಖದಲ್ಲಿ ಬೇಗ ಕಾಣುವುದಿಲ್ಲ. ಮೈ ತಣ್ಣಗಾಗುವುದೂ ಅಷ್ಟೇ ಅಪಾಯ. 35.5ಕ್ಕಿಂತ ಕಡಿಮೆ ಬಂದರೆ ಎಳೆಯ ಮಗುವಿನಲ್ಲಿ ಅದು ದೊಡ್ಡ ಸೋಂಕಿನ ಗುರುತಾಗಿರಬಹುದು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ ತಾಗುತ್ತಿದೆ, ಬಟ್ಟೆ ಬಿಚ್ಚಿ ಅಮ್ಮನ ಎದೆಗೆ ನೇರವಾಗಿ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಮೇಲೆ ಹೊದಿಸಿ.

ಬಿಪಿ, ಆಕ್ಸಿಜನ್

ಮಕ್ಕಳ ಬಿಪಿ ತಪ್ಪಾಗುವುದು ಹೆಚ್ಚಾಗಿ ಕಫ್‌ನಿಂದ, ಅಂದರೆ ತೋಳಿಗೆ ಸುತ್ತುವ ಪಟ್ಟಿಯಿಂದ. ಕಫ್ ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ 40 ಶೇಕಡಾ ಇರಬೇಕು, ಉದ್ದ 80ರಿಂದ 100 ಶೇಕಡಾ. ತೋಳಿನ ಸುತ್ತಳತೆ 16 ಸೆಂಟಿಮೀಟರ್ ಇದ್ದರೆ ಅಗಲ ಸುಮಾರು 6.4 ಸೆಂಟಿಮೀಟರ್. ಸಣ್ಣ ಕಫ್ ಕಟ್ಟಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕಫ್ ಮೇಲೆ ಬರೆದಿರುವ ವಯಸ್ಸನ್ನು ನಂಬಬೇಡಿ, ತೋಳಿಗೆ ಸುತ್ತಿ ನೋಡಿ. ಬಲಗೈ, ಮಗು ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟದಲ್ಲಿ. "ಇದು ನಿನ್ನ ಕೈಯನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿ ತಬ್ಬಿಕೊಳ್ಳುತ್ತೆ ಪುಟ್ಟಾ, ಆಮೇಲೆ ಬಿಟ್ಟುಬಿಡುತ್ತೆ" ಅಂತ ಮೊದಲೇ ಹೇಳಿದರೆ ನಾಲ್ಕು ವರ್ಷದ ಮಗುವೂ ಸುಮ್ಮನೆ ಕೂರುತ್ತದೆ. ಮಿಷನ್‌ನಲ್ಲಿ ಜಾಸ್ತಿ ಬಂದರೆ ಕೈಯಿಂದ ಗಾಳಿ ತುಂಬಿ, ಸ್ಟೆತಸ್ಕೋಪ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಆರೋಗ್ಯವಾಗಿರುವ ಮಕ್ಕಳಿಗೆ ಮೂರು ವರ್ಷದಿಂದ ವರ್ಷಕ್ಕೊಮ್ಮೆ ಬಿಪಿ ನೋಡಬೇಕು. ಹುಷಾರಿಲ್ಲದ ಮಗುವಿಗೆ ಯಾವ ವಯಸ್ಸಾದರೂ ನೋಡಬೇಕು. ಒಂದರಿಂದ ಹತ್ತು ವರ್ಷದವರೆಗೆ ಮೇಲಿನ ಸಂಖ್ಯೆಯ ಕೆಳಮಿತಿಗೆ ಒಂದು ಲೆಕ್ಕ ಇದೆ: ವಯಸ್ಸನ್ನು ಎರಡರಿಂದ ಗುಣಿಸಿ 70 ಕೂಡಿ. ನಾಲ್ಕು ವರ್ಷಕ್ಕೆ 78. ಅದಕ್ಕಿಂತ ಕಡಿಮೆ ಬಂದರೆ ಬಿಪಿ ಬಿದ್ದಿದೆ. ಒಂದು ತಿಂಗಳಿಂದ ಒಂದು ವರ್ಷದವರೆಗೆ 70, ಹತ್ತರ ಮೇಲೆ 90.

ಆದರೆ ಬಿಪಿ ಸರಿ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಮಕ್ಕಳ ದೇಹ ಕೊನೆಯವರೆಗೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಡಿತ ಜೋರು ಮಾಡಿ, ಕೈಕಾಲಿನ ರಕ್ತನಾಳ ಬಿಗಿ ಮಾಡಿ ಹೇಗೋ ನಿಭಾಯಿಸುತ್ತದೆ. ಬಿಪಿ ಬೀಳುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ವಾಂತಿ ಭೇದಿಯ ಮಗುವಿನಲ್ಲಿ ಬಡಿತ 170, ಪಾದ ತಣ್ಣಗೆ, ಎದೆಯ ಮೇಲೆ ಬಣ್ಣ ಮರಳಲು ನಾಲ್ಕು ಸೆಕೆಂಡ್, ಉಚ್ಚೆ ಹೋಗಿಲ್ಲ, ಬಿಪಿ ಮಾತ್ರ ಸರಿಯಾಗಿದೆ ಅಂದರೆ ಆ ಮಗು ಅಪಾಯದಲ್ಲಿದೆ.

ರಕ್ತದ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್ ಹಾಕುವಾಗ ಶಿಶುವಿಗೆ ಪಾದಕ್ಕೆ ಸುತ್ತುವ ಶಿಶುವಿನ ಪ್ರೋಬ್ ಬೇಕು. ದೊಡ್ಡವರ ಬೆರಳಿನ ಕ್ಲಿಪ್ಪನ್ನು ಪುಟ್ಟ ಬೆರಳಿಗೆ ಸಿಕ್ಕಿಸಿ ಬಂದ ಸಂಖ್ಯೆಗೆ ಬೆಲೆ ಇಲ್ಲ. ಪಾದ ಬೆಚ್ಚಗಿರಲಿ, ಉಗುರುಬಣ್ಣ ಇದ್ದರೆ ತೆಗೆಯಿರಿ, ಅಲುಗಾಟ ನಿಲ್ಲಲಿ. ಯಂತ್ರ ತೋರಿಸುವ ನಾಡಿಯೂ ನೀವು ಎಣಿಸಿದ ಬಡಿತವೂ ಹೊಂದಿಕೆಯಾದರೆ ಮಾತ್ರ ಆಕ್ಸಿಜನ್ ಸಂಖ್ಯೆಯನ್ನು ನಂಬಿ. 95 ಶೇಕಡಾ ಅಥವಾ ಮೇಲೆ ಇದ್ದರೆ ನೆಮ್ಮದಿ, 90ಕ್ಕಿಂತ ಕಡಿಮೆ ಆದರೆ ಆಕ್ಸಿಜನ್ ಬೇಕು. ಕಪ್ಪು ಚರ್ಮದ ಮೇಲೆ ಈ ಯಂತ್ರ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು, ಹಾಗಾಗಿ ಅಂಚಿನ ಸಂಖ್ಯೆ ಬಂದಾಗ ಮಗುವನ್ನೇ ನೋಡಿ.

ತೂಕ, ಉದ್ದ, ತಲೆ

ತೂಕ ಕಿಲೋಗ್ರಾಂನಲ್ಲೇ ಬರೆಯಿರಿ, ಔಷಧಿಯ ಲೆಕ್ಕ ಎಲ್ಲ ಅದರ ಮೇಲೆ ನಿಂತಿದೆ. ಶಿಶುವನ್ನು ಬಟ್ಟೆ, ಡಯಪರ್ ತೆಗೆದು ತೂಗಿ, ತೂಗುವ ಮೊದಲು ಯಂತ್ರ ಸೊನ್ನೆ ತೋರಿಸುತ್ತಿದೆಯಾ ನೋಡಿ. ಹುಟ್ಟಿದ ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿದು ಎರಡು ವಾರದೊಳಗೆ ಮರಳಿ ಬರುತ್ತದೆ. ಹತ್ತು ಶೇಕಡಾಕ್ಕಿಂತ ಜಾಸ್ತಿ ಇಳಿದರೆ ಹಾಲು ಸಿಗುತ್ತಿದೆಯಾ ಅಂತ ನೋಡಬೇಕು. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು.

ಎರಡು ವರ್ಷದವರೆಗೆ ಮಲಗಿಸಿ ಉದ್ದ ಅಳೆಯಬೇಕು, ಆಮೇಲೆ ನಿಲ್ಲಿಸಿ. ಒಂದೇ ಮಗುವನ್ನು ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ, ಬೆಳೆದಿಲ್ಲ ಅಂತ ಹೆದರಬೇಡಿ. ತಲೆಯ ಸುತ್ತಳತೆಗೆ ಹಿಗ್ಗದ ಟೇಪು ಬೇಕು, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿದ ಜಾಗಕ್ಕೆ, ಮೂರು ಸಲ ಅಳೆದು ಅತಿ ದೊಡ್ಡದನ್ನು ಬರೆಯಿರಿ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಎರಡರಂತೆ, ಮುಂದಿನ ಮೂರು ತಿಂಗಳು ಒಂದರಂತೆ, ಆಮೇಲೆ ವರ್ಷ ತುಂಬುವವರೆಗೆ ಅರ್ಧದಂತೆ ಬೆಳೆಯುತ್ತದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಒಂದು ಅಳತೆಗಿಂತ ಬೆಳವಣಿಗೆಯ ಗೆರೆ ಮುಖ್ಯ. ಚಾರ್ಟಿನಲ್ಲಿ ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗಳ ಜೊತೆ ಸೇರಿಸಿ ನೋಡಿ.

ಇನ್ನು ಮೈ ನೋಡುವುದು

ಆರು ತಿಂಗಳಿಂದ ಮೂರು ವರ್ಷದ ಮಕ್ಕಳೇ ಕಷ್ಟ. ಅಪರಿಚಿತರನ್ನು ಕಂಡರೆ ಹೆದರುವ ವಯಸ್ಸು. ಅಮ್ಮನ ಮಡಿಲಿಂದ ಇಳಿಸಬೇಡಿ. ನೇರ ಕಣ್ಣಲ್ಲಿ ಕಣ್ಣಿಡಬೇಡಿ. ಮೊದಲು ಅಮ್ಮನ ಕೈಗೆ ಸ್ಟೆತಸ್ಕೋಪ್ ಇಡಿ, ಆಮೇಲೆ ಮಗುವಿನ ಪಾದಕ್ಕೆ, ಆಮೇಲೆ ಎದೆಗೆ. ನಾಲ್ಕು ವರ್ಷದವರಿಗೆ "ಕಿವಿ ನೋಡಲಾ?" ಅಂತ ಕೇಳಿದರೆ ಬೇಡ ಅಂತಲೇ ಬರುವುದು. "ಮೊದಲು ಈ ಕಿವಿನಾ, ಆ ಕಿವಿನಾ?" ಅಂತ ಕೇಳಿ. ನೋವಾಗುವುದಿದ್ದರೆ ನೋವಾಗಲ್ಲ ಅಂತ ಸುಳ್ಳು ಹೇಳಬೇಡಿ. ಹದಿಹರೆಯದವರಿಗೆ ಮರೆ ಬೇಕು, ಅಪ್ಪ ಅಮ್ಮನ ಎದುರು ಹೇಳಲಾಗದ ಮಾತಿಗೆ ಸ್ವಲ್ಪ ಹೊತ್ತು ಒಂಟಿಯಾಗಿ ಅವಕಾಶ ಬೇಕು.

ನೆತ್ತಿಯನ್ನು, ಅಂದರೆ ತಲೆಬುರುಡೆಯ ಮೂಳೆಗಳು ಇನ್ನೂ ಕೂಡದ ಮೆತ್ತನೆಯ ಜಾಗವನ್ನು, ಮಗು ಅಳದೆ ನೆಟ್ಟಗೆ ಕೂತಿರುವಾಗ ಮುಟ್ಟಿ ನೋಡಿ. ಅಳುವಾಗ ಉಬ್ಬುವುದು ಸಹಜ. ಸುಮ್ಮನಿದ್ದಾಗಲೂ ಉಬ್ಬಿ ಬಿಗಿಯಾಗಿದ್ದರೆ ಮಿದುಳಿನ ಒತ್ತಡ ಏರಿರಬಹುದು, ಗುಳಿ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆ. ಶಿಶುಗಳಲ್ಲಿ ಮಿದುಳುಪೊರೆಯ ಸೋಂಕು ಇದ್ದರೂ ಕುತ್ತಿಗೆ ಸೆಡೆದಿರಬೇಕೆಂದಿಲ್ಲ, ಹಾಗಾಗಿ ನೆತ್ತಿಗೆ ಬೆಲೆ ಜಾಸ್ತಿ. ಮುಂದಿನ ನೆತ್ತಿ ಸಾಮಾನ್ಯವಾಗಿ 18 ತಿಂಗಳೊಳಗೆ ಮುಚ್ಚುತ್ತದೆ.

ಹೊಟ್ಟೆ ನೋಡುವಾಗ ಮೊಣಕಾಲು ಮಡಿಸಿ ಮಲಗಿಸಿ. ನೋವಿದೆ ಅಂದ ಜಾಗದಿಂದ ದೂರದಲ್ಲಿ ಶುರುಮಾಡಿ. ಕಣ್ಣು ನಿಮ್ಮ ಕೈಯ ಮೇಲಲ್ಲ, ಮಗುವಿನ ಮುಖದ ಮೇಲಿರಲಿ. ಕಚಗುಳಿಯಿಂದ ನಗುವ ಮಗುವಿನ ಕೈಯನ್ನೇ ಅದರ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ನಿಮ್ಮ ಕೈಯಿಟ್ಟು ಒತ್ತಿ, ಕಚಗುಳಿ ಮಾಯವಾಗುತ್ತದೆ. ಶಿಶುಗಳಲ್ಲಿ ಪಿತ್ತಜನಕಾಂಗ ಪಕ್ಕೆಲುಬಿನ ಕೆಳಗೆ ಒಂದೆರಡು ಸೆಂಟಿಮೀಟರ್ ಸಿಗುವುದು ಸಹಜ. ವಾಂತಿ ಭೇದಿ ಇದ್ದರೆ ಹೊಕ್ಕುಳಿಗೂ ಪಕ್ಕಕ್ಕೂ ನಡುವೆ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡಿಗಿಂತ ಜಾಸ್ತಿ ಹೊತ್ತು ಮಡಿಕೆ ನಿಂತರೆ ನೀರು ತುಂಬಾ ಕಳೆದುಕೊಂಡಿದೆ.

ಚರ್ಮದ ಮೇಲೆ ಕೆಂಪು ಚುಕ್ಕೆಗಳಿದ್ದರೆ ಗಾಜಿನ ಲೋಟ ಒತ್ತಿ ನೋಡಿ. ಒತ್ತಿದರೂ ಮಾಯವಾಗದಿದ್ದರೆ, ಜೊತೆಗೆ ಜ್ವರ ಇದ್ದರೆ, ಓಡಬೇಕು. ಬೆನ್ನಿನ ಕೆಳಗೆ, ಪಿರ್ರೆಯ ಮೇಲೆ ಹುಟ್ಟಿನಿಂದ ಇರುವ ನೀಲಿಬೂದು ಮಚ್ಚೆ ಪೆಟ್ಟಲ್ಲ. ಮೊದಲ ಸಲ ನೋಡಿದಾಗಲೇ ಅಳತೆ ಸಮೇತ ಬರೆದಿಟ್ಟರೆ ಮುಂದೆ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಇನ್ನೂ ಅಂಬೆಗಾಲೂ ಇಡದ ಮಗುವಿನ ಮೈಮೇಲೆ ಹೊಸ ಪೆಟ್ಟಿನ ಗುರುತು ಕಂಡರೆ ಹಿರಿಯರಿಗೆ ಹೇಳಲೇಬೇಕು, ಮುಜುಗರ ಪಡಬೇಡಿ.

ನವಜಾತ ಶಿಶುವನ್ನು ಬೆಚ್ಚನೆಯ ಜಾಗದಲ್ಲಿ ಪೂರ್ತಿ ಬಟ್ಟೆ ಬಿಚ್ಚಿ ನೋಡಬೇಕು. ಹುಟ್ಟಿದ 24 ಗಂಟೆಯೊಳಗೆ ಕಾಮಾಲೆ ಕಂಡರೆ ಯಾವಾಗಲೂ ರೋಗವೇ, ಅಂಗೈ ಅಂಗಾಲಿಗೂ ಹಳದಿ ಬಂದಿದ್ದರೆ ತುರ್ತು. ಬಾಯೊಳಗೆ ಬೆರಳಿಟ್ಟು ಅಂಗುಳ ಸವರಿ, ಬೆನ್ನುಮೂಳೆಯ ಉದ್ದಕ್ಕೂ ನೋಡಿ, ಗುದದ್ವಾರ ಇದೆಯಾ ನೋಡಿ. ಕಣ್ಣಿಗೆ ಬೆಳಕು ಬಿಟ್ಟಾಗ ಎರಡೂ ಕಣ್ಣಲ್ಲಿ ಕೆಂಪು ಹೊಳಪು ಕಾಣಬೇಕು, ಬಿಳಿ ಹೊಳಪು ಕಂಡರೆ ಪೊರೆ ಅಥವಾ ಕಣ್ಣಿನ ಗೆಡ್ಡೆ ಇರಬಹುದು. ಬೆಚ್ಚಿಬೀಳಿಸಿದಾಗ ಎರಡೂ ತೋಳು ಒಟ್ಟಿಗೆ ಅಗಲಬೇಕು. ಒಂದೇ ತೋಳು ಏಳುತ್ತಿದ್ದರೆ ಇನ್ನೊಂದರ ನರ ಅಥವಾ ಕೊರಳೆಲುಬಿಗೆ ಹೆರಿಗೆಯಲ್ಲಿ ಪೆಟ್ಟಾಗಿರಬಹುದು. ಸೊಂಟದ ಕೀಲು ನೋಡುವುದನ್ನು ಕಲಿತವರ ಕೈ ನೋಡಿಯೇ ಕಲಿಯಿರಿ, ಬರಹ ಓದಿ ಮಾಡುವ ಕೆಲಸ ಅದಲ್ಲ. ಇದನ್ನೂ ಬೆಚ್ಚಿಬೀಳಿಸುವುದನ್ನೂ ಕೊನೆಗೆ ಇಟ್ಟುಕೊಳ್ಳಿ.

ಕಿವಿ, ಗಂಟಲು ಎಲ್ಲದರ ಕೊನೆಗೆ. ಅಮ್ಮ ಒಂದು ಕೈಯಿಂದ ಮಗುವಿನ ಎರಡೂ ತೋಳನ್ನು ಅಪ್ಪಿ, ಇನ್ನೊಂದರಿಂದ ಹಣೆಯನ್ನು ತನ್ನ ಎದೆಗೆ ಒತ್ತಿ ಹಿಡಿಯಲಿ. ಮೂರು ವರ್ಷದೊಳಗೆ ಕಿವಿಯ ಹಾಲೆಯನ್ನು ಕೆಳಕ್ಕೂ ಹಿಂದಕ್ಕೂ ಎಳೆಯಿರಿ, ದೊಡ್ಡವರಲ್ಲಿ ಮೇಲಕ್ಕೂ ಹಿಂದಕ್ಕೂ. ಆದರೆ ಜೋರು ಜ್ವರ, ಜೊಲ್ಲು ನುಂಗಲಾಗದೆ ಸುರಿಯುವುದು, ಮುಂದಕ್ಕೆ ಬಾಗಿ ಬಾಯಿ ತೆರೆದು ಕೂತಿರುವುದು, ಇಷ್ಟಿದ್ದರೆ ಗಂಟಲಿಗೆ ಏನನ್ನೂ ಹಾಕಬೇಡಿ, ಮಲಗಿಸಬೇಡಿ, ಅಳಿಸಬೇಡಿ. ಉಸಿರಿನ ದಾರಿ ಒಮ್ಮೆಲೇ ಮುಚ್ಚಿಕೊಳ್ಳಬಹುದು. ಇದ್ದ ಹಾಗೇ ಕೂರಿಸಿಕೊಂಡು ದೊಡ್ಡ ಡಾಕ್ಟರನ್ನು ಕರೆಸಿ.

ಎಲ್ಲ ಆದ ಮೇಲೆ ಚಾರ್ಟಿನಲ್ಲಿ ಸಂಖ್ಯೆಯ ಪಕ್ಕದಲ್ಲೇ ಮಗು ಆಗ ಹೇಗಿತ್ತು ಅಂತ ಒಂದು ಪದ ಬರೆಯಿರಿ: ನಿದ್ದೆ, ಎಚ್ಚರ, ಹಾಲು ಕುಡಿಯುತ್ತಿತ್ತು, ಅಳುತ್ತಿತ್ತು. ಅಳುತ್ತಿದ್ದಾಗ 170 ಅನ್ನುವುದಕ್ಕೂ ನಿದ್ದೆಯಲ್ಲಿ 170 ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಮುಂದಿನ ಡ್ಯೂಟಿಯವರಿಗೆ ಅದು ಗೊತ್ತಾಗಬೇಕಲ್ವಾ? ಮತ್ತೆ ಅಮ್ಮ "ಇವತ್ತು ಯಾಕೋ ನನ್ನ ಮಗು ದಿನದ ಹಾಗಿಲ್ಲ" ಅಂದರೆ ಆ ಮಾತನ್ನೂ ಅವರ ಬಾಯಿಂದ ಬಂದ ಹಾಗೇ ಬರೆದು, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹೋಗಿ ಉಸಿರು ಎಣಿಸಿ.